ಚಾಳಿನಲ್ಲಿ ರೇಡಿಯೊ ಜೋರು ಮಾಡುತ್ತಿದ್ದ ಕಾಲ

ಮಕ್ಕಳೇ, ಹೋದ ವಾರ ನಾನು ನಿಮ್ಮ ಕೈಯಿಂದ ರಿಮೋಟ್ ಕಿತ್ತುಕೊಂಡೆ. ನಿಮ್ಮ ಅಮ್ಮ ಸಣ್ಣ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಯಾವುದೋ ಊರಿನ ಹುಡುಗಿಯ ಜೊತೆ ಮಾತಾಡುತ್ತಿದ್ದಳು. ಆ ಹುಡುಗಿ ಅಳುವುದು ಹೊರಗೂ ಕೇಳಿಸಿತು. ನೀವಿಬ್ಬರೂ ಮುಖ ಮುಖ ನೋಡಿಕೊಂಡಿರಿ. ಬೇರೆಯವರ ಅಳು ನಮ್ಮ ಕಿವಿಗೆ ಬೀಳಬಾರದು ಎಂದು ಟಿವಿಯ ಸದ್ದು ಏರಿಸಿದಿರಿ. ಒಳ್ಳೆಯ ಬುದ್ಧಿಯಿಂದಲೇ ಏರಿಸಿದಿರಿ. ನಾನು ಅಡುಗೆಮನೆಯಿಂದ ಓಡಿ ಬಂದೆ. ದೊಡ್ಡವಳು, “ಅಜ್ಜಿಗೆ ಏನೋ ಆಗಿದೆ” ಅಂದಳು. ಚಿಕ್ಕವನು ಸಿಟ್ಟಿನಲ್ಲಿ ಊಟಕ್ಕೆ ಬರಲಿಲ್ಲ.

ಏನಾಗಿದೆ ಎಂದು ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರ ಇವು, ಒಡ್ಡೊಡ್ಡಾಗಿದ್ದರೆ ನಗಬೇಡಿ. ನಿಮಗೆ ಕನ್ನಡ ಓದುವಾಗ ತಡವರಿಸುತ್ತದೆ. ಅಮ್ಮ ಓದಿ ಹೇಳುತ್ತಾಳೆ. ಆಗ ನಾನು ದೇವಸ್ಥಾನಕ್ಕೆ ಹೋಗಿರುತ್ತೇನೆ.

ಬರೆಯುವ ಮೊದಲು ನಿಮ್ಮ ಅಮ್ಮನನ್ನು ಕೇಳಿದೆ. “ಬರಿ ಅಮ್ಮ, ನಂದೇನೂ ಅಡ್ಡಿ ಇಲ್ಲ” ಅಂದಳು. ಅಡ್ಡಿ ಇದ್ದದ್ದು ನನಗೆ. ಪರೀಕ್ಷೆಗೆ ಹೊರಡುವಾಗ ನೀವು ಕೈಮುಗಿಯುವ ಫೋಟೊ ಇದೆಯಲ್ಲ, ಗಂಧದ ಹಾರ ಹಾಕಿದ್ದು, ಅವರ ಬಗ್ಗೆ ಬರೆಯಬೇಕು. ನಿಮ್ಮ ಅಜ್ಜ ನನಗೆ ಹೊಡೆಯುತ್ತಿದ್ದರು.

ಈ ಒಂದು ಸಾಲು ಬರೆದು ಪೆನ್ನು ಇಟ್ಟು ಹೋದವಳು, ಎರಡು ದಿನ ಈ ಕಡೆ ಬರಲಿಲ್ಲ.

ಆಗ ನಾವು ಕುರ್ಲಾದ ಒಂದು ಚಾಳಿನಲ್ಲಿದ್ದೆವು. ಒಂದೇ ಕೋಣೆ, ಎದುರಿಗೆ ಉದ್ದಕ್ಕೆ ಗ್ಯಾಲರಿ, ಅದರ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ನಿಮ್ಮ ಅಜ್ಜ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅವರು ಕುಡಿಯುವವರಲ್ಲ. ಬಿಳಿ ಅಂಗಿ, ಹಣೆಯಲ್ಲಿ ಗಂಧ, ಬಂದ ಗಿರಾಕಿಗೆಲ್ಲ ನಗು. ಆ ನಗುವೆಲ್ಲ ಅಲ್ಲೇ ಖರ್ಚಾಗಿ ಹೋಗುತ್ತಿತ್ತೋ ಏನೋ. ಮನೆಗೆ ಬಂದಾಗ ಅಂಗಿಯ ಕಾಲರು ಸರಿಯಾಗಿ ಇಸ್ತ್ರಿ ಆಗಿಲ್ಲ, ಸಾರಿಗೆ ಹುಳಿ ಹೆಚ್ಚಾಯಿತು, ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ಉತ್ತರ ಕೊಟ್ಟದ್ದೇ ಹೆಚ್ಚಾಯಿತು, ಇಂಥದ್ದಕ್ಕೆ ಕೈ ಎತ್ತುತ್ತಿದ್ದರು.

ನಮ್ಮ ಚಾಳಿನಲ್ಲಿ ಒಂದು ರೂಢಿ ಇತ್ತು. ಯಾರೂ ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಯಾವುದಾದರೂ ಕೋಣೆಯಲ್ಲಿ ಗಂಡ ಹೆಂಡತಿಗೆ ಹೊಡೆಯಲು ಶುರು ಮಾಡಿದರೆ, ಪಕ್ಕದ ಕೋಣೆಯವರು ರೇಡಿಯೊ ಜೋರು ಮಾಡುತ್ತಿದ್ದರು. ಅದನ್ನು ಕೇಳಿ ಅವರ ಪಕ್ಕದವರು. ಟಿವಿ ಇದ್ದವರು ಟಿವಿ. ಸಂಜೆ ದೀಪ ಹಚ್ಚಿಕೊಂಡು ಹೋದ ಹಾಗೆ ಗ್ಯಾಲರಿಯ ಉದ್ದಕ್ಕೂ ಸದ್ದು ಏರುತ್ತಾ ಹೋಗುತ್ತಿತ್ತು. ಪಾಪ, ಆ ಹೆಂಗಸಿನ ಮಾನ ಉಳಿಯಲಿ, ಅವಳ ಅಳು ನಾಲ್ಕು ಜನರಿಗೆ ಕೇಳದಿರಲಿ ಎಂದು. ಮರುದಿನ ನಲ್ಲಿಯ ಹತ್ತಿರ ಯಾರೂ ಏನೂ ಕೇಳುತ್ತಿರಲಿಲ್ಲ. ಅವಳ ಕೊಡವನ್ನು ಮಾತ್ರ ಸಾಲಿನಲ್ಲಿ ಮುಂದಕ್ಕೆ ಸರಿಸುತ್ತಿದ್ದರು. ನನ್ನ ಕೊಡ ಎಷ್ಟೋ ಸಲ ಹಾಗೆ ಮುಂದೆ ಹೋಗಿದೆ. ತಲೆ ತಗ್ಗಿಸಿ ನೀರು ತುಂಬಿಸಿಕೊಂಡು ಬರುತ್ತಿದ್ದೆ. ಬೇರೆಯವರ ಮನೆಯ ಗಲಾಟೆಗೆ ನಾನೂ ನಮ್ಮ ರೇಡಿಯೊ ತಿರುಗಿಸಿದ್ದೇನೆ. ಅದು ದೊಡ್ಡ ಉಪಕಾರ ಎಂದೇ ನಂಬಿದ್ದೆ.

ನಿಮ್ಮ ಅಮ್ಮ ಆಗ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂರನೆಯಲ್ಲಿದ್ದಳು. ಮೊದಲೆಲ್ಲ ಬಾಯಿ ಮುಚ್ಚದ ಹುಡುಗಿ. ಆ ವರ್ಷ ಅವಳ ಮಾತು ಕಡಿಮೆಯಾಗುತ್ತಾ ಬಂತು. ಯಾರಾದರೂ ರೇಡಿಯೊ ಸದ್ದು ಏರಿಸಿದರೆ ಸಾಕು, ಕಪಾಟಿನ ಹಿಂದಿನ ಸಂದಿಯಲ್ಲಿ ಹೋಗಿ ಕೂರುತ್ತಿದ್ದಳು. ಗಣಪತಿ ಹಬ್ಬದಲ್ಲಿ ಚಾಳಿನ ಅಂಗಳದಲ್ಲಿ ಲೌಡ್‌ಸ್ಪೀಕರ್ ಹಾಕಿದಾಗ ಅಲ್ಲಿಂದ ಹೊರಗೇ ಬರಲಿಲ್ಲ. ಲಂಗ ಒದ್ದೆಯಾಗಿತ್ತು. ನಾನು ಯಾರಿಗೂ ಕಾಣದ ಹಾಗೆ ಒಗೆದು, ಒಳಗೇ ಒಣಗಿಸಿದೆ.

ಒಂದು ದಿನ ಶಾಲೆಯ ಟೀಚರ್ ಕರೆಸಿದರು. ಮೈಕ್ ಹಾಕಿದ ಕೂಡಲೇ ಹುಡುಗಿ ಬೆಂಚಿನ ಕೆಳಗೆ ಹೋಗುತ್ತಾಳೆ, ಪಾಠ ಕೇಳಿದರೆ ಬಾಯಿ ಬಿಡುವುದಿಲ್ಲ, ಕಿವಿ ತೋರಿಸಿ ಅಂದರು. ಮನೆಯಲ್ಲಿ ಹೇಳಿದೆ.

“ಎಂತ ಕಿವಿ? ತಲೆ ಸರಿ ಇಲ್ಲ ಅದಕ್ಕೆ” ಅಂದರು ನಿಮ್ಮ ಅಜ್ಜ. “ಏಪ್ರಿಲ್‌ವರೆಗೆ ನೋಡುವ. ಸರಿ ಆಗದಿದ್ರೆ ಊರಿಗೆ ಬಿಟ್ಟು ಬರ್ತೇನೆ. ನನ್ನ ಅಮ್ಮನ ಹತ್ರ ಇರ್ಲಿ, ದನ ನೋಡಿಕೊಂಡು.”

ಅವರು ಹೇಳಿದ್ದನ್ನು ಮಾಡುವವರು. ನನಗೆ ಇದ್ದದ್ದು ಒಂದೇ ಮಗು. ಅವಳು ಏಪ್ರಿಲ್ ಒಳಗೆ ಬಾಯಿ ಬಿಡಬೇಕು, ಇಲ್ಲವಾದರೆ ನಾನು ಆ ಕೋಣೆಯಲ್ಲಿ ಒಬ್ಬಳೇ. ದೇವರ ಮುಂದೆ ನಾನು ಬೇಡಿಕೊಂಡದ್ದು ಅದೊಂದನ್ನೇ.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಿವಿಯ ಡಾಕ್ಟರು ಬ್ಯಾಟರಿ ಹಾಕಿ ನೋಡಿ, ಕಿವಿಯಲ್ಲಿ ಏನೂ ಇಲ್ಲ ಅಂದರು. ಮಕ್ಕಳ ಮನಸ್ಸಿನ ಡಾಕ್ಟರು ಮೇಲಿನ ಮಹಡಿಯಲ್ಲಿ ಇದ್ದಾರೆ, ಅಲ್ಲಿಗೆ ಹೋಗಿ ಅಂದರು. ಮೆಟ್ಟಿಲು ಹತ್ತುವಾಗ ಪರಿಚಯದವರು ಯಾರಾದರೂ ನೋಡಿದರೆ ಎಂದು ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದೆ.

ಆ ಡಾಕ್ಟರಮ್ಮ ಧಾರವಾಡದ ಕಡೆಯವರು. ದಪ್ಪ ಕನ್ನಡಕ, ಹತ್ತಿ ಸೀರೆ. “ಬಾರವಾ, ಕೂಡು” ಅಂದರು. ನಿಮ್ಮ ಅಮ್ಮ ಕೂತಳು, ಅಷ್ಟೇ. ಏನು ಕೇಳಿದರೂ ನೆಲ ನೋಡುತ್ತಿದ್ದಳು. ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ನನ್ನನ್ನು ಕೇಳಿದರು. ಏನೂ ಇಲ್ಲ ಅಂದೆ. ಅವರು ನನ್ನ ಮೊಣಕೈಯನ್ನು ನೋಡಿದರು. ನಾನು ಸೆರಗು ಹೊದ್ದುಕೊಂಡೆ.

ಆಗ ಯಾರೋ ಅವರನ್ನು ಹೊರಗೆ ಕರೆದರು. ಅದೇ ಹೊತ್ತಿಗೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಅವರು ಅದನ್ನು ಎತ್ತಿ ಹುಡುಗಿಯ ಕೈಗೆ ಕೊಟ್ಟು, “ಹಿಡ್ಕೊ, ಬಂದೆ” ಎಂದು ಹೋಗಿಬಿಟ್ಟರು. ನಿಮ್ಮ ಅಮ್ಮ ಅದನ್ನು ಕಿವಿಗೆ ಇಟ್ಟುಕೊಂಡು, ಒಂದು ಗಳಿಗೆ ಕೇಳಿ, ಸ್ಪಷ್ಟವಾಗಿ ಹಿಂದಿಯಲ್ಲಿ ಹೇಳಿದಳು: ಡಾಕ್ಟರಮ್ಮ ಹೊರಗೆ ಹೋಗಿದ್ದಾರೆ, ಈಗ ಬರುತ್ತಾರೆ, ನೀವು ಯಾರು?

ಎಷ್ಟೋ ದಿನದ ಮೇಲೆ ಅಷ್ಟು ಉದ್ದದ ಮಾತು ಕೇಳಿದ್ದೆ. ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಅದನ್ನು ಕೇಳಿದ್ದರು.

“ಮಾರಿ ನೋಡಿದ್ರ ಮಾತಾಡಂಗಿಲ್ಲ, ಫೋನಿನ್ಯಾಗ ಮಾತಾಡ್ತಾಳ” ಅಂದರು. “ನಿಮ್ಮ ಹತ್ರ ಎಲ್ಲಾದ್ರೂ ಫೋನ್ ಅದ ಏನು?”

ವಾರ ವಾರ ಅಷ್ಟು ದೂರ ಹೋಗಲು ನನಗೂ ಸಾಧ್ಯವಿರಲಿಲ್ಲ. ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಫೋನಿನಲ್ಲಿ ಮಾತಾಡುವುದು ಎಂದು ಆಯಿತು.

ಚಾಳಿನಲ್ಲಿ ಫೋನು ಇದ್ದದ್ದು ಕೊನೆಯ ಎರಡು ಕೋಣೆಯ ಮನೆಯಲ್ಲಿ ಮಾತ್ರ. ಅವರು ಮೈಸೂರಿನ ಕಡೆಯವರು. ಗಂಡ ಟೆಲಿಫೋನ್ ಇಲಾಖೆಯಲ್ಲಿ ಕೆಲಸಕ್ಕಿದ್ದರು. ಆ ಮನೆಯ ಅಕ್ಕನ ಬಳಿ, ಮಗಳ ಕಿವಿಯ ಔಷಧಿಯ ವಿಷಯ ಡಾಕ್ಟರು ಫೋನು ಮಾಡುತ್ತಾರೆ ಎಂದು ಹೇಳಿದೆ. ಮನೆಯಲ್ಲೂ ಹಾಗೇ ಹೇಳಿದ್ದೆ. ಕಿವಿಯ ಔಷಧಿಯನ್ನು ಫೋನಿನಲ್ಲಿ ಹೇಗೆ ಹಾಕುತ್ತಾರೆ ಎಂದು ಆ ಅಕ್ಕ ಕೇಳಲಿಲ್ಲ.

“ಅದಕ್ಕೇನ್ರೀ, ಬನ್ನಿ. ಮಗು ಮಾತಾಡ್ಲಿ, ನಾವು ಅಡುಗೆಮನೇಲಿ ಇರೋಣ” ಅಂದರು.

ಮೊದಲ ಶನಿವಾರ ನಿಮ್ಮ ಅಮ್ಮ ಡಾಕ್ಟರಮ್ಮನ ಧಾರವಾಡದ ಮಾತು ಕೇಳಿ ನಕ್ಕಳು. “ಅಮ್ಮ, ಅವರು ನನಗೆ ‘ಹಂಗಲ್ಲಬೇ’ ಅಂತಾರೆ” ಎಂದು ಮನೆಗೆ ಬಂದು ಹೇಳಿದಳು. ಎರಡನೆಯ ವಾರ ಶಾಲೆಯ ವಿಷಯ, ಬೆಕ್ಕಿನ ವಿಷಯ. ನಾನು ಅಡುಗೆಮನೆಯಲ್ಲಿ ಆ ಅಕ್ಕನ ಜೊತೆ ಸೊಪ್ಪು ಬಿಡಿಸುತ್ತಾ, ಕಿವಿಯನ್ನು ಹೊರಗೇ ಇಟ್ಟಿರುತ್ತಿದ್ದೆ.

ಆ ಮೇಲಿನ ಶನಿವಾರವೇ ಅದು ಆದದ್ದು. ನಿಮ್ಮ ಅಮ್ಮನ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. “ಮನೆಯಲ್ಲಿ ಅಲ್ವಾ... ಅಪ್ಪ...” ಎಂದಳು. ನನ್ನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. ಆ ಅಕ್ಕ ನನ್ನ ಮುಖ ನೋಡಿದರು. ಪಾಪ, ನನ್ನ ಮಾನ ಕಾಪಾಡಬೇಕು ಅನ್ನಿಸಿತು ಅವರಿಗೆ. ಸದ್ದಾಗದ ಹಾಗೆ ಎದ್ದು ಹೊರಗೆ ಹೋಗಿ, ಹೊರಕೋಣೆಯ ರೇಡಿಯೊ ಜೋರು ಮಾಡಿದರು.

ಏನೋ ಬಿದ್ದ ಸದ್ದು ಕೇಳಿ ಓಡಿ ಬಂದೆ. ಫೋನಿನ ರಿಸೀವರು ವೈರಿನ ತುದಿಯಲ್ಲಿ ತೂಗಾಡುತ್ತಿತ್ತು. ಹುಡುಗಿ ದಿವಾನದ ಕೆಳಗಿದ್ದಳು. ಅವರ ತೊಳೆದ ನೆಲದ ಮೇಲೆ ಒದ್ದೆ ಹರಿದು ಬರುತ್ತಿತ್ತು. ಆ ಅಕ್ಕ ರೇಡಿಯೊದ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಬೇರೆಯವರ ಮನೆಯಲ್ಲಿ ಇದಾಯಿತಲ್ಲ ಎಂದು ನನಗೆ ನೆಲ ಒರೆಸುವ ಬಟ್ಟೆ ಹುಡುಕುವುದೊಂದೇ ತೋಚಿತು. ಆದರೆ ರಿಸೀವರಿನಿಂದ “ಯವ್ವಾ, ಹಲೋ” ಎಂಬ ದನಿ ಬರುತ್ತಲೇ ಇತ್ತು. ಎತ್ತಿಕೊಂಡೆ.

“ಏನಾತು? ಅದೇನು ಸಪ್ಪಳ ಬಂತು?”

“ರೇಡಿಯೊ ದೊಡ್ಡ ಮಾಡಿದ್ರು.”

“ಯಾಕ?”

“ನಮಗೆ ಕೇಳ್ಬಾರ್ದು ಅಂತ.”

“ನಿಮ್ಮ ಮನ್ಯಾಗೂ ಹಿಂಗ ಮಾಡ್ತಾರೇನು, ಮಗ್ಗಲದವರು?”

ಆ ಅಕ್ಕ ಎದುರಿಗೇ ಇದ್ದರು. “ಮಾಡ್ತಾರೆ” ಅಂದೆ.

“ಯಾವಾಗ?”

ಇಡೀ ಚಾಳಿಗೆ ಗೊತ್ತಿದ್ದ ಮಾತು, ಆ ಅಕ್ಕನಿಗೂ ಗೊತ್ತಿದ್ದ ಮಾತು. ಆದರೂ ಅದನ್ನು ಯಾರೂ ಇದುವರೆಗೆ ಬಾಯಿಂದ ಆಡಿರಲಿಲ್ಲ. ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತೆ. ಆಗ ದಿವಾನದ ಕೆಳಗಿನಿಂದ ಹುಡುಗಿಯೇ ಹೇಳಿದಳು.

“ಅಪ್ಪ ಅಮ್ಮನಿಗೆ ಹೊಡೆಯುವಾಗ.”

ಆ ಅಕ್ಕನ ಕೈ ಗುಂಡಿಯನ್ನು ಹಿಂದಕ್ಕೆ ತಿರುಗಿಸಿತು. ರೇಡಿಯೊ ನಿಂತಿತು. ಭೂಮಿ ಬಿರಿದು ನನ್ನನ್ನು ಒಳಗೆ ಎಳೆದುಕೊಂಡಿದ್ದರೆ ಒಳ್ಳೆಯದಿತ್ತು. ಆ ಅಕ್ಕ ಒಳಗೆ ಹೋಗಿ, ತನ್ನ ಮಗಳ ಹಳೆಯ ಲಂಗ ತಂದು ದಿವಾನದ ಹತ್ತಿರ ಇಟ್ಟರು. ಆಮೇಲೆ ಕೂತು ತಾವೇ ನೆಲ ಒರೆಸಿದರು. ನನ್ನ ಕೈಗೆ ಬಟ್ಟೆ ಕೊಡಲಿಲ್ಲ.

ಡಾಕ್ಟರಮ್ಮ ಆ ದಿನ ನನಗೆ ಬಿಡಿಸಿ ಹೇಳಿದರು. ಹುಡುಗಿಗೆ ಹೊಡೆತಕ್ಕಿಂತ ಹೆಚ್ಚಾಗಿ ಕೇಳಿಸುವುದು ರೇಡಿಯೊ. ಅದು ಏರಿತು ಎಂದರೆ ಇನ್ನು ಯಾರೂ ಬರುವುದಿಲ್ಲ ಎಂದು ಅವಳ ಲೆಕ್ಕ. ಇಡೀ ಲೋಕ ತನ್ನ ಅಮ್ಮನ ಕಡೆಗೆ ಬೆನ್ನು ತಿರುಗಿಸಿದ ಸದ್ದು ಅದು. ಶಾಲೆಯ ಮೈಕಾದರೂ ಗಣಪತಿಯ ಹಾಡಾದರೂ ಮೈಗೆ ಅದೇ ಹೆದರಿಕೆ.

“ಇನ್ನ ಮ್ಯಾಲೆ ರೇಡಿಯೊದ ಗುಂಡಿ ಅಕಿ ಕೈಯಾಗ ಕೊಡ್ರಿ” ಅಂದರು. “ನಾ ಫೋನಿನ್ಯಾಗ ಇರ್ತೀನಿ. ಅಕೀನ ಏರಸಲಿ, ಅಕೀನ ಇಳಸಲಿ. ಅದು ನನ್ನ ಕೆಲಸ. ಚಾಳಿನ ಮಂದಿಗೆ ಏರಸಬ್ಯಾಡ್ರಿ ಅಂತ ಹೇಳೂದು ನಿಮ್ಮ ಕೆಲಸ. ಅದನ್ನ ನಾ ಮಾಡ್ಲಿಕ್ಕೆ ಬರಂಗಿಲ್ಲ.”

ಆ ಕೆಲಸ ಮಾಡಲು ನನಗೆ ಎಷ್ಟು ದಿನ ಹಿಡಿಯಿತು ಎಂದು ಬರೆಯಲು ಮನಸ್ಸಿಲ್ಲ. ಶನಿವಾರಗಳು ಹೋದವು. ಆ ಅಕ್ಕನ ಮನೆಯಲ್ಲಿ ನಿಮ್ಮ ಅಮ್ಮ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ರೇಡಿಯೊದ ಗುಂಡಿ ಹಿಡಿದುಕೊಂಡು, “ಈಗ ಒಂಚೂರು ಏರಿಸಿದೆ... ಈಗ ಇಳಿಸಿದೆ” ಎಂದು ಡಾಕ್ಟರಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. ಅಲ್ಲಿ ಸರಿಯಾಗಿ ಇರುತ್ತಿದ್ದಳು. ನಮ್ಮ ಕೋಣೆಯಲ್ಲಿ ಗಲಾಟೆಯಾಗಿ ಅಕ್ಕಪಕ್ಕದ ರೇಡಿಯೊ ಏರಿದರೆ ಮತ್ತೆ ಅದೇ ಕಪಾಟಿನ ಸಂದಿ. ಏಪ್ರಿಲ್ ಹತ್ತಿರ ಬಂತು. ಊರಿಗೆ ಹೋಗುವ ಬಸ್ಸನ್ನು ನಿಮ್ಮ ಅಜ್ಜ ವಿಚಾರಿಸಿಕೊಂಡು ಬಂದರು. ಆ ರಾತ್ರಿಯೂ ಅಕ್ಕಪಕ್ಕದ ರೇಡಿಯೊ ಏರಿತು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಪಕ್ಕದ ಕೋಣೆಯ ಮರಾಠಿ ಹೆಂಗಸು, ನಾವೆಲ್ಲ ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವರು, ನನ್ನ ಕೊಡವನ್ನು ಮುಂದಕ್ಕೆ ಸರಿಸಲು ಬಗ್ಗಿದರು. ನಾನು ಕೊಡವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಹರಕು ಹಿಂದಿಯಲ್ಲಿ, ಇನ್ನು ಮೇಲೆ ನಮ್ಮ ಮನೆಯಲ್ಲಿ ಏನಾದರೂ ಆದರೆ ಟಿವಿ ದೊಡ್ಡದು ಮಾಡಬೇಡಿ ಅಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು.

“ಅಗ ಬಾಯಿ, ನಿನಗೋಸ್ಕರವೇ ಅಲ್ವೇನೇ ಮಾಡೋದು? ನನಗೇನು ಕಿವುಡು ಬಂದಿದೆಯಾ?” ಅಂದರು ಮಾವ್ಶಿ, ಅವರ ಮರಾಠಿಯಲ್ಲಿ.

“ಮಗಳು ಹೆದರ್ತಾಳೆ.”

“ಸದ್ದು ಇಲ್ಲದಿದ್ದರೆ ಎಲ್ಲರಿಗೂ ಕೇಳುತ್ತದೆ. ಆಮೇಲೆ ನೀನು ಇಲ್ಲಿ ಮುಖ ಎತ್ತಿ ನಿಲ್ಲಬೇಕು.”

“ಸುನ್‌ನೇ ದೋ” ಅಂದೆ. ಕೇಳಲಿ ಬಿಡಿ. ನನ್ನ ದನಿ ನನಗೇ ಕೇಳಿಸಲಿಲ್ಲ. ಮಾವ್ಶಿಗೆ ಕೇಳಿಸಿತು. ಅವರು ನನ್ನ ಕೊಡವನ್ನು ಅದು ಇದ್ದಲ್ಲೇ ಬಿಟ್ಟರು.

ಆ ಭಾನುವಾರ ಸಂಜೆ ನಿಮ್ಮ ಅಜ್ಜನಿಗೆ ರಜೆ. ಟಿವಿ ಇದ್ದ ಮನೆಗಳಲ್ಲೆಲ್ಲ ಸಿನಿಮಾ ನಡೆಯುತ್ತಿತ್ತು. ಮಗಳನ್ನು ಊರಿಗೆ ಕಳಿಸುವುದು ಬೇಡ ಎಂದು ನಾನು ಒಂದು ಮಾತು ಅಂದೆ. ಅವರು ಎದ್ದು ಕೆನ್ನೆಗೆ ಹೊಡೆದರು. ಲೋಟ ಉರುಳಿತು.

ನಾನು ಕಾದೆ. ಸದ್ದು ಏರಲಿಲ್ಲ. ಮೊದಲು ಮಾವ್ಶಿಯ ಟಿವಿ ಇಳಿಯಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರಾಚೆಯದು. ಸಿನಿಮಾದ ಸದ್ದು ಗ್ಯಾಲರಿಯ ಉದ್ದಕ್ಕೂ ಕೋಣೆ ಕೋಣೆಯಾಗಿ ಆರುತ್ತಾ ಹೋಯಿತು. ಯಾರದೋ ಕುಕ್ಕರು ಒಂದು ಸಲ ಕೂಗಿ ಸುಮ್ಮನಾಯಿತು. ಲೋಟ ಉರುಳುತ್ತಿದ್ದದ್ದು ಎಲ್ಲರಿಗೂ ಕೇಳುವ ಹಾಗೆ ಇತ್ತು. ನಿಮ್ಮ ಅಜ್ಜ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಬಾಗಿಲ ಕಡೆ ನೋಡಿದರು.

“ಎಂತ, ಕರೆಂಟು ಹೋಯ್ತಾ?” ಅಂದರು.

ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ನಿಮ್ಮ ಅಮ್ಮ ಕಪಾಟಿನ ಪಕ್ಕದಲ್ಲಿ ನಿಂತಿದ್ದಳು. ಸಂದಿಯ ಒಳಗೆ ಹೋಗಿರಲಿಲ್ಲ.

“ಇಲ್ಲ ಅಪ್ಪ” ಅಂದಳು. “ಎಲ್ಲರೂ ಕೇಳ್ತಾ ಇದ್ದಾರೆ.”

ಅವರು ಕೈ ಇಳಿಸಿದರು. ಚಪ್ಪಲಿ ಹಾಕಿಕೊಂಡು ಹೊರಡಲು ಬಾಗಿಲು ತೆಗೆದರು. ಗ್ಯಾಲರಿಯಲ್ಲಿ ಒಬ್ಬೊಬ್ಬರೂ ಅವರವರ ಬಾಗಿಲಲ್ಲಿ ನಿಂತಿದ್ದರು. ಮಾವ್ಶಿಯ ಕೈಯಲ್ಲಿ ಸೌಟು ಇತ್ತು. ನಿಮ್ಮ ಅಜ್ಜ ಬಾಗಿಲು ಹಾಕಿ ಹಿಂದೆ ಬಂದು ಮಂಚದ ಮೇಲೆ ಕೂತು ನೀರು ಕೇಳಿದರು. ಕೊಟ್ಟೆ. ಅವರ ಕಿವಿಯ ತುದಿ ಕೆಂಪಾಗಿತ್ತು. ನನಗೂ ಹಾಗೇ ಆಗಿದ್ದಿರಬೇಕು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ನಾಚಿಕೆಯಲ್ಲಿ ಕೂತಿದ್ದೆವು. ಮದುವೆಯಾದ ಮೇಲೆ ಅಷ್ಟು ಹತ್ತಿರ ಎಂದೂ ಕೂತಿರಲಿಲ್ಲವೇನೋ.

ಅವರು ಆ ದಿನದಿಂದ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೆಯೂ ಕೈ ಎದ್ದದ್ದುಂಟು. ಎದ್ದಾಗೆಲ್ಲ ಚಾಳು ಸುಮ್ಮನಾಗುತ್ತಿತ್ತು, ಕೈ ಕೆಳಗೆ ಬರುತ್ತಿತ್ತು. ಬೈಗುಳ ಪಿಸುಮಾತಿಗೆ ಇಳಿಯಿತು. ನನ್ನ ಜೊತೆ ಮೆತ್ತಗೆ ಮಾತಾಡಲು ಅವರು ಕೊನೆಯವರೆಗೂ ಕಲಿಯಲಿಲ್ಲ. ಆದರೆ ಊರಿನ ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ. ಮಗಳು ಶಾಲೆಗೆ ಹೋದಳು. ಮುಂದಿನ ಗಣಪತಿಗೆ ಮೈಕಿನ ಮುಂದೆ ನಿಂತು ಒಂದು ಹಾಡು ಹೇಳಿದಳು. ನಡುವೆ ಒಂದು ಸಾಲು ಮರೆತಳು. ನಿಮ್ಮ ಅಜ್ಜ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಅದನ್ನೂ ಬರೆಯಬೇಕು, ಅದೂ ನಿಜ.

ಆ ಭಾನುವಾರದ ಮರುದಿನ ನಲ್ಲಿಗೆ ಹೋಗುವುದು ಇಡೀ ವರ್ಷದಲ್ಲಿ ನನಗೆ ಅತ್ಯಂತ ಕಷ್ಟವಾದ ಕೆಲಸ. ಯಾರೂ ನನ್ನ ಕೊಡ ಮುಂದೆ ಸರಿಸಲಿಲ್ಲ. ಎಲ್ಲರ ಹಾಗೆ ನನ್ನ ಸರದಿಗೆ ಕಾಯುತ್ತಾ ನಿಂತೆ. “ಏನು ಮಾಡಿದೆ ಇವತ್ತು?” ಎಂದು ಮಾವ್ಶಿ ಕೇಳಿದರು, “ಇಡ್ಲಿ” ಅಂದೆ. ಅದೇ ನಾಚಿಕೆ ಈಗ ನಿಮ್ಮ ಮುಂದೆ. ಅಜ್ಜನ ಫೋಟೊಗೆ ಕೈಮುಗಿಯುವುದು ಬಿಡುವುದು ನಿಮಗೆ ಸೇರಿದ್ದು. ನಾನು ದಿನಾ ಅದರ ಧೂಳು ಒರೆಸುತ್ತೇನೆ, ಮುಂದೆಯೂ ಒರೆಸುತ್ತೇನೆ.

ರಿಮೋಟನ್ನು ಟಿವಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಆ ಡಾಕ್ಟರಮ್ಮ ಫೋನಿನಲ್ಲಿ ಮಾಡಿದ ಕೆಲಸವನ್ನೇ ಈಗ ನಿಮ್ಮ ಅಮ್ಮ ಕಂಪ್ಯೂಟರಿನಲ್ಲಿ ಮಾಡುತ್ತಿದ್ದಾಳೆ. ಅಮ್ಮನ ಕೋಣೆಯಿಂದ ಮಕ್ಕಳ ಅಳು ಕೇಳಿಸಿ ನಿಮಗೆ ಮುಜುಗರವಾದರೆ, ಟಿವಿ ಬಂದ್ ಮಾಡಿ ಕೆಳಗೆ ಆಟಕ್ಕೆ ಹೋಗಿ. ಸದ್ದು ಮಾತ್ರ ಏರಿಸಬೇಡಿ. ಕಂಪ್ಯೂಟರಿನ ಆ ತುದಿಯಲ್ಲಿ ಕೂತ ಹುಡುಗಿಗೆ ಅದು ಕೇಳಿಸುತ್ತದೆ.